ಮೊದಲ ಇಂಜೆಕ್ಷನ್‌ಗೂ ಮುಂಚೆ: ಐವಿಎಫ್ ಮಾಡಿಸಿಕೊಳ್ಳುವ ದಂಪತಿಗಳಿಗೆ

ಐವಿಎಫ್ ಎಂದರೆ ಅಂಡ, ವೀರ್ಯಾಣುವನ್ನು ಲ್ಯಾಬಿನಲ್ಲಿ ಸೇರಿಸಿ, ಆದ ಭ್ರೂಣವನ್ನು ಗರ್ಭಕೋಶದಲ್ಲಿ ಇಡುವ ಚಿಕಿತ್ಸೆ. ಕೇಂದ್ರದಲ್ಲಿ ಅದು ಶುರುವಾಗುವ ಮುನ್ನ ಗಂಡ-ಹೆಂಡತಿಯ ಮುಂದೆ ಒಂದು ಕಟ್ಟು ಕಾಗದ ಬರುತ್ತದೆ. "ಎಲ್ಲಿ ಸಹಿ ಮಾಡ್ಬೇಕ್ರಿ?" ಎಂದು ಕೇಳಿ ಐದೇ ನಿಮಿಷದಲ್ಲಿ ಮುಗಿಸುವವರೇ ಹೆಚ್ಚು. ಎಷ್ಟು ಭ್ರೂಣ ಒಳಗಿಡಬೇಕು, ಮಿಕ್ಕವನ್ನು ಏನು ಮಾಡಬೇಕು, ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಅವು ಯಾರ ಪಾಲು, ಬೇರೆಯವರ ಅಂಡಾಣು ಅಥವಾ ವೀರ್ಯ ಬಳಸಲು ಒಪ್ಪಿಗೆ ಇದೆಯೇ ಎಂಬ ಪ್ರಶ್ನೆಗಳೆಲ್ಲ ಆ ಕಾಗದಗಳಲ್ಲಿವೆ. ಮನೆಯಲ್ಲಿ ಕೂತು ನಾಲ್ಕು ಸಂಜೆ ಮಾತಾಡಬೇಕಾದ ವಿಷಯವನ್ನು ಕೌಂಟರ್ ಎದುರು ನಿಂತು ತೀರ್ಮಾನಿಸುವ ಪರಿಸ್ಥಿತಿ ಯಾರಿಗೂ ಬರಬಾರದು. ದಾವಣಗೆರೆ, ಚಿತ್ರದುರ್ಗ ಸೀಮೆಯ ದಂಪತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಚಿಕಿತ್ಸೆಯ ಹಂತಗಳನ್ನೂ ಆ ಪ್ರಶ್ನೆಗಳನ್ನೂ ಇಲ್ಲಿ ಒಟ್ಟಿಗೇ ಬರೆದಿದ್ದೇವೆ. ಅವು ಬೇರೆ ಬೇರೆ ಅಲ್ಲ.

ಐವಿಎಫ್ ಬೇಕೇ ಎಂದು ಮೊದಲು ತಿಳಿಯಿರಿ

ಯಾವ ತಡೆಯನ್ನೂ ಬಳಸದೆ ಒಂದು ವರ್ಷ ಕೂಡಿದರೂ ಗರ್ಭ ನಿಲ್ಲದಿದ್ದರೆ ಪರೀಕ್ಷೆಗೆ ಹೋಗಬೇಕು. ಹೆಣ್ಣಿಗೆ 35 ದಾಟಿದ್ದರೆ ಆರು ತಿಂಗಳೇ ಸಾಕು, ಮುಂದಕ್ಕೆ ಹಾಕಬೇಡಿ. ಹೋಗುವಾಗ ಇಬ್ಬರೂ ಹೋಗಿ. ಹೆಂಡತಿಗೆ ಮೂರು ವರ್ಷ ನಾಟಿ ಔಷಧಿ ಕುಡಿಸಿ, ಹರಕೆ ಹೊರಿಸಿ, ಗಂಡನ ವೀರ್ಯವನ್ನು ಒಮ್ಮೆಯೂ ಪರೀಕ್ಷಿಸದ ಮನೆಗಳು ನಮ್ಮ ಸೀಮೆಯಲ್ಲಿ ಇನ್ನೂ ಇವೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ತೊಂದರೆಯೂ ಸೇರಿರುತ್ತದೆ. ಆದರೆ 'ಬಂಜೆ' ಎಂಬ ಮಾತು ಹೆಣ್ಣಿನ ಮೇಲೆ ಮಾತ್ರ ಬೀಳುತ್ತದೆ. ಇದು ಅನ್ಯಾಯ. ಅದಕ್ಕಿಂತ ಹೆಚ್ಚಾಗಿ, ಅಂಡಾಣುವಿನ ವಯಸ್ಸು ಕೈಜಾರುವುದು ಇಂಥ ವರ್ಷಗಳಲ್ಲೇ.

ವೀರ್ಯ ಪರೀಕ್ಷೆ ಎಲ್ಲಕ್ಕಿಂತ ಅಗ್ಗದ್ದು, ನೋವಿಲ್ಲದ್ದು. ಎರಡರಿಂದ ಏಳು ದಿನ ಸಂಯಮದಲ್ಲಿದ್ದು ಮಾದರಿ ಕೊಡಬೇಕು. ಮನೆಯಿಂದ ತರುವುದಾದರೆ ಡಬ್ಬಿಯನ್ನು ಒಳಜೇಬಿನಲ್ಲಿ ಮೈಗೆ ತಾಗಿಸಿಟ್ಟುಕೊಂಡು ಒಂದು ಗಂಟೆಯೊಳಗೆ ಲ್ಯಾಬ್ ಮುಟ್ಟಿಸಬೇಕು. ಜಗಳೂರು, ಮೊಳಕಾಲ್ಮೂರು ಕಡೆಯವರಿಗೆ ಅದು ಆಗದ ಮಾತು, ಲ್ಯಾಬಿನಲ್ಲೇ ಕೊಡುವುದು ಲೇಸು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಕೆಳಮಟ್ಟದ ಅಳತೆ ಹೀಗಿದೆ: ಪ್ರಮಾಣ 1.4 ಮಿ.ಲೀ., ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಚಲನೆ ಶೇ. 42, ಸರಿಯಾದ ಆಕಾರ ಶೇ. 4. 'ಶೇ. 4 ಮಾತ್ರವೇ' ಎಂದು ಎದೆಯೊಡೆದುಕೊಳ್ಳಬೇಡಿ, ಅಷ್ಟಿದ್ದರೆ ಸಹಜವೇ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುವುದರಿಂದ, ಗುಟ್ಕಾ, ಸಿಗರೇಟು ಬಿಟ್ಟ ಫಲ ಮೂರು ತಿಂಗಳ ನಂತರದ ವರದಿಯಲ್ಲಿ ಕಾಣುತ್ತದೆ. ಮೈ ಬೆಳೆಸಲೆಂದು ತೆಗೆದುಕೊಳ್ಳುವ ಟೆಸ್ಟೋಸ್ಟಿರೋನ್ ಇಂಜೆಕ್ಷನ್ ವೀರ್ಯಾಣು ತಯಾರಿಯನ್ನೇ ನಿಲ್ಲಿಸಿಬಿಡಬಲ್ಲದು. ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಿ.

ಹೆಣ್ಣಿಗೆ ಎಎಂಎಚ್ (ಉಳಿದ ಅಂಡಗಳ ಅಂದಾಜು ಕೊಡುವ ರಕ್ತಪರೀಕ್ಷೆ), ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸಕ್ಕರೆ ಪರೀಕ್ಷೆ, ಅಂಡಾಶಯದ ಸ್ಕ್ಯಾನ್, ಆ ತಿಂಗಳ ಮುಟ್ಟಿನ ಸ್ರಾವ ಮುಗಿದ ಮೇಲೆ ಗರ್ಭನಾಳ ತೆರೆದಿದೆಯೇ ಎಂದು ನೋಡುವ ಎಚ್‌ಎಸ್‌ಜಿ ಎಕ್ಸ್‌ರೇ ಮಾಡುತ್ತಾರೆ. ನಮ್ಮ ದೇಶದಲ್ಲಿ ನಾಳ ಮುಚ್ಚಲು ಜನನಾಂಗದ ಕ್ಷಯ ಒಂದು ದೊಡ್ಡ ಕಾರಣ. ಹಿಂದೆ ಟಿಬಿ ಆಗಿದ್ದರೆ, ಮನೆಯಲ್ಲಿ ಯಾರಿಗಾದರೂ ಇದ್ದರೆ ಮುಚ್ಚಿಡಬೇಡಿ. ನಾಳದಲ್ಲಿ ನೀರು ತುಂಬಿ ಊದಿಕೊಂಡಿದ್ದರೆ ಐವಿಎಫ್‌ಗೆ ಮುಂಚೆಯೇ ಅದನ್ನು ತೆಗೆಸಬೇಕು ಅಥವಾ ಕಟ್ಟಿಸಬೇಕು. ಆ ನೀರು ಗರ್ಭಕೋಶಕ್ಕೆ ಇಳಿದು ಭ್ರೂಣ ಅಂಟುವುದನ್ನು ಕೆಡಿಸುತ್ತದೆ.

ಎರಡೂ ನಾಳ ಮುಚ್ಚಿದ್ದರೆ, ವೀರ್ಯಾಣು ತೀರಾ ಕಡಿಮೆ ಇದ್ದರೆ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ರೋಗ) ಬಲಿತಿದ್ದರೆ ಐವಿಎಫ್ ಸರಿಯಾದ ದಾರಿ. ಆದರೆ ಪಿಸಿಓಡಿ (ಅಂಡ ಸರಿಯಾಗಿ ಬಿಡುಗಡೆಯಾಗದ ಅಂಡಾಶಯದ ತೊಂದರೆ) ಇರುವ 26 ವರ್ಷದ ಹುಡುಗಿಗೆ ಮೊದಲ ಭೇಟಿಯಲ್ಲೇ ಐವಿಎಫ್ ಹೇಳಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ. ತೂಕ ಶೇ. 5ರಿಂದ 10 ಇಳಿದರೂ ಎಷ್ಟೋ ಮಂದಿಗೆ ಅಂಡ ಬಿಡುಗಡೆ ತಾನಾಗಿ ಶುರುವಾಗುತ್ತದೆ. ಅಂಡ ಬಿಡುಗಡೆ ಮಾಡಿಸುವ ಲೆಟ್ರೊಜೋಲ್ ಮಾತ್ರೆ, ಬೇಕಾದರೆ ಎರಡು ಮೂರು ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಬಿಡುವುದು) ನೋಡಿದ ಮೇಲೆ ಮುಂದಿನ ಮಾತು.

ನಮ್ಮಲ್ಲಿ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತರುವುದು ರೂಢಿ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ನಾಲ್ಕರಲ್ಲೊಂದು ಪಾಲು ವಂಶವಾಹಿ ಒಂದೇ ಇರುತ್ತದೆ. ಐವಿಎಫ್ ಇದನ್ನು ತಾನಾಗಿ ಸರಿಪಡಿಸುವುದಿಲ್ಲ. ಮನೆತನದಲ್ಲಿ ಮಕ್ಕಳು ತೀರಿಕೊಂಡಿದ್ದರೆ, ಕಿವಿ ಕೇಳದವರು, ಬುದ್ಧಿ ಬೆಳೆಯದವರು ಇದ್ದರೆ ಮೊದಲು ವಂಶವಾಹಿ ತಜ್ಞರ ಸಲಹೆ ಪಡೆಯಿರಿ.

ಕೇಂದ್ರ ಮತ್ತು ಖರ್ಚು

ದಾವಣಗೆರೆಯಲ್ಲೇ ಐವಿಎಫ್ ಲ್ಯಾಬ್ ಇರುವ ಕೇಂದ್ರಗಳಿವೆ. ಬೆಂಗಳೂರಿಗೇ ಹೋಗಬೇಕೆಂದೇನಿಲ್ಲ. ದಾವಣಗೆರೆಯಿಂದ ಅದು 260 ಕಿ.ಮೀ. ದಾರಿ, ಹನ್ನೆರಡು ದಿನದಲ್ಲಿ ನಾಲ್ಕೈದು ಸಲ ಸ್ಕ್ಯಾನ್‌ಗೆ ಓಡಾಡಬೇಕು. ನಿಮ್ಮ ತೊಂದರೆಗೆ ವಿಶೇಷ ಲ್ಯಾಬ್ ಬೇಕಿದ್ದರೆ ಮಾತ್ರ ಆ ದಾರಿ ಹಿಡಿಯಿರಿ.

2021ರ ಎಆರ್‌ಟಿ (ನೆರವಿನ ಗರ್ಭಧಾರಣೆ) ನಿಯಂತ್ರಣ ಕಾಯ್ದೆಯ ಪ್ರಕಾರ ಕೇಂದ್ರ ನೋಂದಣಿಯಾಗಿರಬೇಕು. ಐಯುಐ ಮಾತ್ರ ಮಾಡುವ ಕೇಂದ್ರ ಒಂದನೇ ಹಂತದ್ದು, ಐವಿಎಫ್ ಮಾಡುವುದು ಎರಡನೇ ಹಂತದ್ದು. ಪ್ರಮಾಣಪತ್ರ ತೋರಿಸಿ ಎಂದು ಕೇಳುವುದರಲ್ಲಿ ಮುಜುಗರವೇನಿಲ್ಲ. ಭ್ರೂಣತಜ್ಞರು ಇಲ್ಲೇ ಇರುತ್ತಾರೋ, ಅಂಡ ತೆಗೆಯುವ ದಿನ ಮಾತ್ರ ಹೊರಗಿನಿಂದ ಬರುತ್ತಾರೋ ಅದನ್ನೂ ಕೇಳಿ. ಭ್ರೂಣ ಐದು ದಿನ ಲ್ಯಾಬಿನಲ್ಲಿ ಬೆಳೆಯುವಾಗ ನೋಡಿಕೊಳ್ಳುವವರು ಯಾರು ಎಂಬುದು ವೈದ್ಯರ ಹೆಸರಿನಷ್ಟೇ ಮುಖ್ಯ.

ಖರ್ಚು ಲಕ್ಷದ ಮೇಲೆ ಆಗುತ್ತದೆ, ಆಯುಷ್ಮಾನ್ ಕಾರ್ಡಿನಲ್ಲಿ ಬಂಜೆತನದ ಚಿಕಿತ್ಸೆ ಸೇರಿಲ್ಲ. ಪ್ಯಾಕೇಜ್ ಎಂದು ಹೇಳುವ ಮೊತ್ತದಲ್ಲಿ ಏನಿದೆ, ಏನಿಲ್ಲ ಎಂದು ಬರೆಸಿಕೊಳ್ಳಿ: ಇಂಜೆಕ್ಷನ್, ಅರಿವಳಿಕೆ, ಇಕ್ಸಿ (ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗಿಡುವುದು), ಐದನೇ ದಿನದವರೆಗೆ ಬೆಳೆಸುವುದು, ಹೆಪ್ಪುಗಟ್ಟಿಸುವುದು, ಹೆಪ್ಪುಗಟ್ಟಿಸಿದ್ದನ್ನು ಇಡುವ ವರ್ಷದ ಬಾಡಿಗೆ, ಮುಂದಿನ ಸಲ ಒಳಗಿಡುವ ಖರ್ಚು. ಹೆಚ್ಚಾಗಿ ಬಿಟ್ಟುಹೋಗುವುದು ಇಂಜೆಕ್ಷನ್ನಿನ ಲೆಕ್ಕ, ಸಾಲ ಬೆಳೆಯುವುದೂ ಅಲ್ಲೇ. ಗೆಲುವಿನ ಪ್ರಮಾಣ ಹೇಳಿದರೆ, 'ಪರೀಕ್ಷೆ ಪಾಸಿಟಿವ್ ಬಂದದ್ದೋ, ಮಗು ಮನೆಗೆ ಬಂದದ್ದೋ? ನನ್ನ ವಯಸ್ಸಿನವರಲ್ಲಿ ಎಷ್ಟು?' ಎಂದು ಮರುಪ್ರಶ್ನೆ ಹಾಕಿ. ಸ್ಥೂಲವಾಗಿ 35ರ ಕೆಳಗಿನವರಲ್ಲಿ ಒಂದು ಸಲ ಭ್ರೂಣ ಇಟ್ಟಾಗ ಮೂವರಲ್ಲಿ ಒಬ್ಬರಿಗೆ ಮಗು ಕೈಸೇರುತ್ತದೆ. ಸ್ವಂತ ಅಂಡದಿಂದ 43ರ ಮೇಲೆ ನೂರಕ್ಕೆ ಐದಾರು ಇದ್ದರೆ ಹೆಚ್ಚು. ಸಮುದಾಯ ಭವನದ ಉಚಿತ ಶಿಬಿರದಲ್ಲಿ 'ಇವತ್ತೇ ಮುಂಗಡ ಕಟ್ಟಿದರೆ ರಿಯಾಯಿತಿ' ಎಂದರೆ ಎದ್ದು ಬನ್ನಿ. ಈ ನಿರ್ಧಾರಕ್ಕೆ ಒಂದು ರಾತ್ರಿಯ ನಿದ್ದೆಯಾದರೂ ಬೇಕು.

ಕಾಗದ ಓದುವ ಸಂಜೆ

ಒಪ್ಪಿಗೆ ಪತ್ರಗಳನ್ನು ಮುಂಚಿತವಾಗಿ ಮನೆಗೆ ತನ್ನಿ, ಕನ್ನಡದಲ್ಲೇ ಕೇಳಿ. ಚಿಕಿತ್ಸೆಗೆ ಮುನ್ನ ಸಮಾಲೋಚನೆ ಮಾಡುವುದು ಕೇಂದ್ರದ ಕರ್ತವ್ಯ. ಕಾಯ್ದೆಯ ಮಿತಿಯಲ್ಲಿ ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ವಯಸ್ಸು. ಒಂಟಿ ಹೆಣ್ಣುಮಕ್ಕಳಿಗೂ ಇದರಲ್ಲಿ ಅವಕಾಶವಿದೆ. ಭ್ರೂಣವನ್ನು ಗರ್ಭಕೋಶಕ್ಕೆ ಇಡುವ ಮುಂಚೆ ಯಾವ ಗಳಿಗೆಯಲ್ಲಾದರೂ ಒಪ್ಪಿಗೆ ಹಿಂಪಡೆಯಬಹುದು. ದುಡ್ಡು ಕಟ್ಟಿದ್ದೀರಿ ಎಂಬ ಕಾರಣಕ್ಕೆ ಮುಂದುವರಿಯಲೇಬೇಕು ಅಂತೇನಿಲ್ಲ.

ಎಷ್ಟು ಭ್ರೂಣ ಇಡಬೇಕು? "ಒಂದೇ ಸಲಕ್ಕೆ ಅವಳಿ ಆಗ್ಲಿ, ಇನ್ನೊಮ್ಮೆ ಖರ್ಚು ಯಾಕೆ" ಎನ್ನುವ ಆಸೆ ಸಹಜ. ಆದರೆ ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು 37 ವಾರ ತುಂಬುವ ಮುಂಚೆ ಹುಟ್ಟುತ್ತವೆ, ತಾಯಿಗೆ ಬಿಪಿ ಏರುವ ಸಂಭವವೂ ಹೆಚ್ಚು. ಉಳಿಸಿದೆವೆಂದುಕೊಂಡ ಹಣ ನವಜಾತ ಶಿಶುಗಳ ಐಸಿಯುಗೆ ಹೋಗುತ್ತದೆ. ಒಳ್ಳೆಯ ಭ್ರೂಣವಿದ್ದರೆ ಒಂದನ್ನೇ ಇಡಿಸಿ, ಉಳಿದದ್ದನ್ನು ಹೆಪ್ಪುಗಟ್ಟಿಸಿ ಎಂಬುದು ನಮ್ಮ ಖಚಿತ ಸಲಹೆ.

ಮಿಕ್ಕ ಭ್ರೂಣಗಳು ನಿಮ್ಮವೇ. ಇನ್ನೊಬ್ಬರಿಗೆ ಕೊಡುವಂತಿಲ್ಲ. ಹತ್ತು ವರ್ಷದವರೆಗೆ ಇಡಬಹುದು, ಆಮೇಲೆ ಅವು ನಶಿಸಲು ಬಿಡಬೇಕು ಅಥವಾ ನಿಮ್ಮ ಒಪ್ಪಿಗೆಯಿಂದ ಸಂಶೋಧನೆಗೆ ಕೊಡಬೇಕು. ಭ್ರೂಣವೂ ಒಂದು ಜೀವವೇ ಎಂದು ನಂಬುವವರಿಗೆ ಇದು ಹಗುರವಾದ ಪ್ರಶ್ನೆಯಲ್ಲ. ಅಂಥವರು, ಬಂದ ಅಂಡಗಳನ್ನೆಲ್ಲ ವೀರ್ಯಾಣುವಿನೊಂದಿಗೆ ಸೇರಿಸದೆ ನಾಲ್ಕೈದನ್ನು ಮಾತ್ರ ಸೇರಿಸಿ, ಮಿಕ್ಕ ಅಂಡಗಳನ್ನೇ ಹೆಪ್ಪುಗಟ್ಟಿಸಿ ಎಂದು ಮೊದಲೇ ಹೇಳಬಹುದು. ಅವಕಾಶ ಸ್ವಲ್ಪ ತಗ್ಗುತ್ತದೆ, ಮನಸ್ಸಿಗೆ ನೆಮ್ಮದಿ ಇರುತ್ತದೆ. ಈ ಆಯ್ಕೆಯನ್ನು ನೀವೇ ಬಾಯಿಬಿಟ್ಟು ಕೇಳಬೇಕು.

ಬೇರೆಯವರ ಅಂಡ ಅಥವಾ ವೀರ್ಯ ಬೇಕಾದಾಗ ಅದು ನೋಂದಾಯಿತ ಬ್ಯಾಂಕಿನಿಂದಲೇ ಬರಬೇಕು. 'ತಂಗಿಯದೇ ತಗೊಳ್ಳಿ, ಮನೆಯ ರಕ್ತ' ಎಂಬ ಏರ್ಪಾಡಿಗೆ ಇಲ್ಲಿ ಜಾಗವಿಲ್ಲ. ಅಂಡ ಕೊಡುವವಳು 23ರಿಂದ 35 ವರ್ಷದೊಳಗಿನವಳಾಗಿರಬೇಕು, ಜೀವನದಲ್ಲಿ ಒಂದೇ ಸಲ, ಏಳಕ್ಕಿಂತ ಹೆಚ್ಚು ಅಂಡ ತೆಗೆಯುವಂತಿಲ್ಲ. ಅವಳಿಗೆ 12 ತಿಂಗಳ ವಿಮೆಯನ್ನು ಪಡೆಯುವ ದಂಪತಿಯೇ ಮಾಡಿಸಬೇಕು. ಆ ವಿಮೆಯ ಕಾಗದ ನೋಡಿದೆವೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹೊಟ್ಟೆಪಾಡಿಗಾಗಿ ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಇನ್ನೊಬ್ಬಳು ಹೆಣ್ಣುಮಗಳು ಅಲ್ಲಿದ್ದಾಳೆ, ಅವಳೂ ಯಾರದೋ ಮನೆಯ ಮಗಳು. ಹುಟ್ಟುವ ಮಗು ಕಾನೂನಿನಲ್ಲಿ ಪೂರ್ತಿ ನಿಮ್ಮದು, ದಾನಿಗೆ ಹಕ್ಕಿಲ್ಲ. ಗಂಡನ ವೀರ್ಯಕ್ಕೆ ಇನ್ನೊಬ್ಬರದನ್ನು ಬೆರೆಸುವುದು ಕಾಯ್ದೆಯಲ್ಲಿ ನಿಷಿದ್ಧ. ದಾನಿಯದು ಬೇಡವೆಂದಾದರೆ ಆ ಸಾಲಿನ ಮುಂದೆ 'ಒಪ್ಪಿಗೆ ಇಲ್ಲ' ಎಂದು ಕೈಯಾರೆ ಬರೆದು ಇಬ್ಬರೂ ಸಹಿ ಹಾಕಿ.

ಗಂಡು ಭ್ರೂಣವನ್ನೇ ಇಡಿ ಎಂದು ಕೇಳುವುದೂ ಅಪರಾಧ, ಇಟ್ಟುಕೊಡುತ್ತೇವೆ ಎನ್ನುವುದೂ ಅಪರಾಧ. ಹಾಗೆ ಹೇಳುವ ಮಧ್ಯವರ್ತಿ ಸಿಕ್ಕರೆ ಅವನು ಬೇರೆ ವಿಷಯದಲ್ಲೂ ಮೋಸ ಮಾಡುತ್ತಾನೆ ಎಂದೇ ತಿಳಿಯಿರಿ.

ಇಂಜೆಕ್ಷನ್ ದಿನಗಳು

ಮುಟ್ಟಿನ ಎರಡನೇ ಅಥವಾ ಮೂರನೇ ದಿನ ಸ್ಕ್ಯಾನ್ ಮಾಡಿ, ಅಂಡ ಬೆಳೆಸುವ ಎಫ್‌ಎಸ್‌ಎಚ್ ಇಂಜೆಕ್ಷನ್ ಶುರು ಮಾಡುತ್ತಾರೆ. ಸಾಮಾನ್ಯವಾಗಿ ದಿನಕ್ಕೆ 150ರಿಂದ 300 ಯೂನಿಟ್, 8ರಿಂದ 12 ದಿನ. ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರು ಹೊರಗೆ ಉಳಿಯುವ ರೂಢಿ ಇನ್ನೂ ಇದೆ. ಚಿಕಿತ್ಸೆ ಶುರುವಾಗುವುದು ಸರಿಯಾಗಿ ಅದೇ ದಿನಗಳಲ್ಲಿ. ಆದ್ದರಿಂದ ಆ ತಿಂಗಳು ಹಿರಿಯೂರಲ್ಲೋ ಚಿತ್ರದುರ್ಗದಲ್ಲೋ ನೆಂಟರ ಮನೆಯಲ್ಲಿ ಇರುವ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಿ. ನಾಯಕನಹಟ್ಟಿ ಜಾತ್ರೆ, ಮನೆಯ ಮದುವೆ ಇರುವ ತಿಂಗಳನ್ನೂ ಬಿಟ್ಟುಬಿಡಿ. ಒಂದು ತಿಂಗಳು ತಡವಾದರೆ ನಷ್ಟವಿಲ್ಲ, ನಡುವೆ ಒಂದು ದಿನ ತಪ್ಪಿದರೆ ಇದೆ.

ಹೆಚ್ಚಿನ ಇಂಜೆಕ್ಷನ್‌ಗಳನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಫ್ರಿಜ್ಜಿನ ಬಾಗಿಲಲ್ಲಿ ಬೇಡ, ಫ್ರೀಜರಿನಲ್ಲಿ ಖಂಡಿತ ಬೇಡ, ನಡುವಿನ ತಟ್ಟೆಯಲ್ಲಿಡಿ. ಏಪ್ರಿಲ್ ಬಿಸಿಲಲ್ಲಿ ದಾವಣಗೆರೆಯಿಂದ ಊರಿಗೆ ಒಯ್ಯುವಾಗ ಅಗಲ ಬಾಯಿಯ ಥರ್ಮಾಸಿನಲ್ಲಿ ಐಸ್ ಪ್ಯಾಕ್ ಹಾಕಿ, ಅದರ ಮೇಲೆ ಬಟ್ಟೆ ಮಡಚಿಟ್ಟು, ಆಮೇಲೆ ಔಷಧಿ ಇಡಿ. ಐಸ್ ನೇರವಾಗಿ ತಾಗಿ ಹೆಪ್ಪುಗಟ್ಟಿದ ಇಂಜೆಕ್ಷನ್ ಕರಗಿದರೂ ಕೆಲಸಕ್ಕೆ ಬಾರದು. ಕರೆಂಟ್ ಹೋದಾಗ ಫ್ರಿಜ್ ಬಾಗಿಲು ತೆಗೆಯಬೇಡಿ.

ಚುಚ್ಚುವುದನ್ನು ಮನೆಯಲ್ಲೇ ಕಲಿಯಬಹುದು. ಕೈ ತೊಳೆದು, ಹೊಕ್ಕುಳಿನಿಂದ ಎರಡು ಬೆರಳು ಪಕ್ಕಕ್ಕೆ ಸರಿದು, ಸ್ಪಿರಿಟ್ ಒರೆಸಿ ಅದು ಆರಲು ಬಿಡಿ. ಆರದಿದ್ದರೆ ಉರಿಯುತ್ತದೆ. ಚರ್ಮವನ್ನು ಚಿವುಟಿದಂತೆ ಎತ್ತಿ ಹಿಡಿದು ಸೂಜಿ ಇಳಿಸಿ, ಮೆಲ್ಲಗೆ ಒತ್ತಿ, ಹತ್ತು ಎಣಿಸಿದ ಮೇಲೆ ಹೊರಗೆಳೆಯಿರಿ. ಬೇಗ ಎಳೆದರೆ ತುದಿಯಲ್ಲಿ ಒಂದು ಹನಿ ಉಳಿಯುತ್ತದೆ, ಆ ಹನಿಗೂ ಬೆಲೆ ಇದೆ. ಪುಡಿ ಔಷಧಿಯಾದರೆ ಬಾಟಲಿಯನ್ನು ಅಲುಗಾಡಿಸದೆ ಅಂಗೈಯಲ್ಲಿ ಉರುಳಿಸಿ ಕರಗಿಸಿ. ಎಡಬಲ ಬದಲಿಸುತ್ತಿರಿ. ಗಂಡನೇ ಚುಚ್ಚಿಕೊಡಲು ಕಲಿತ ಮನೆಗಳಲ್ಲಿ ಹೆಂಡತಿಯ ಹೊರೆ ನಿಜವಾಗಿಯೂ ಇಳಿಯುತ್ತದೆ.

ಐದಾರನೇ ದಿನದಿಂದ, ಅಂಡ ತಾನಾಗಿ ಉದುರದಂತೆ ಸೆಟ್ರೊರೆಲಿಕ್ಸ್ 0.25 ಮಿ.ಗ್ರಾಂ. ಸೇರಿಸುತ್ತಾರೆ. ಎರಡು ಮೂರು ಫಾಲಿಕಲ್ (ಅಂಡ ಬೆಳೆಯುವ ಚೀಲ) 17-18 ಮಿ.ಮೀ. ಮುಟ್ಟಿದಾಗ, ಅಂಡವನ್ನು ಕೊನೆಯದಾಗಿ ಬಲಿಸುವ ಟ್ರಿಗರ್ ಇಂಜೆಕ್ಷನ್. ಇಡೀ ಚಿಕಿತ್ಸೆಯಲ್ಲಿ ಗಡಿಯಾರ ನೋಡಿಕೊಂಡೇ ಮಾಡಬೇಕಾದ ಕೆಲಸ ಇದು. ಗುರುವಾರ ಬೆಳಗ್ಗೆ 9ಕ್ಕೆ ಅಂಡ ತೆಗೆಯುವುದಿದ್ದರೆ ಮಂಗಳವಾರ ರಾತ್ರಿ 9ಕ್ಕೆ ಟ್ರಿಗರ್, ಅಂದರೆ 36 ಗಂಟೆ ಮುಂಚೆ. ತಡವಾದರೆ ಬಲಿಯದ ಅಂಡ ಸಿಗುತ್ತದೆ, ಬೇಗನೆ ಚುಚ್ಚಿದರೆ ತೆಗೆಯುವ ಮುಂಚೆಯೇ ಅಂಡ ಜಾರಿಹೋಗಬಹುದು. ಹೊತ್ತು ತಪ್ಪಿದರೆ ಬೈಯುತ್ತಾರೆಂದು ಮುಚ್ಚಿಡಬೇಡಿ. ಆಗಲೇ ಫೋನ್ ಮಾಡಿ ಹೇಳಿದರೆ ಅಂಡ ತೆಗೆಯುವ ಸಮಯವನ್ನೇ ಹಿಂದುಮುಂದು ಮಾಡುತ್ತಾರೆ.

ಪಿಸಿಓಡಿ ಇರುವವರಿಗೆ ಅಂಡಾಶಯ ಅತಿಯಾಗಿ ಕೆರಳುವ ಅಪಾಯವಿದೆ. ದಿನಕ್ಕೆ ಒಂದು ಕೆ.ಜಿ.ಗಿಂತ ಹೆಚ್ಚು ತೂಕ ಏರುವುದು, ಹೊಟ್ಟೆ ಬಿಗಿಯುವುದು, ಮೂತ್ರ ಕಡಿಮೆಯಾಗುವುದು, ಉಸಿರು ಕಟ್ಟುವುದು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ. ಎಚ್‌ಸಿಜಿ ಎಂಬ ಮಾಮೂಲಿ ಟ್ರಿಗರ್ ಬದಲು ಅಗೋನಿಸ್ಟ್ ಎಂಬ ಇನ್ನೊಂದು ಬಗೆಯ ಟ್ರಿಗರ್ ಕೊಟ್ಟು, ಭ್ರೂಣಗಳನ್ನೆಲ್ಲ ಹೆಪ್ಪುಗಟ್ಟಿಸಿ ಮುಂದಿನ ತಿಂಗಳು ಇಡುವುದರಿಂದ ಈ ಅಪಾಯ ಬಹಳ ತಗ್ಗುತ್ತದೆ. ಹೆಪ್ಪುಗಟ್ಟಿಸುವುದೆಂದರೆ ಹೆದರುವವರಿಗೆ ಒಂದು ಮಾತು: ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖ್ಯೋಪಾಧ್ಯಾಯರ ಪ್ರಯತ್ನದಿಂದ 1978ರ ಅಕ್ಟೋಬರ್ 3ರಂದು, ಇಂಗ್ಲೆಂಡಿನ ಮೊದಲ ಪ್ರನಾಳ ಶಿಶುವಿನ ನಂತರ ಎಪ್ಪತ್ತೇ ದಿನಕ್ಕೆ, ಹುಟ್ಟಿದ ದುರ್ಗಾ ಹೆಪ್ಪುಗಟ್ಟಿಸಿದ್ದ ಭ್ರೂಣದಿಂದಲೇ ಬಂದವಳು. ಅಂದು ನಂಬದೆ ಅವಮಾನಿಸಿದ ಆ ವಿಧಾನ ಇಂದು ಎಲ್ಲ ಲ್ಯಾಬಿನ ದಿನನಿತ್ಯದ ಕೆಲಸ. ಆ ವೈದ್ಯರು ಮನ್ನಣೆ ಕಾಣದೆ 1981ರಲ್ಲಿ ಪ್ರಾಣ ಕಳೆದುಕೊಂಡರು.

ಅಂಡ ತೆಗೆಯುವುದು, ಲ್ಯಾಬಿನ ಐದು ದಿನ

ಆರು ಗಂಟೆ ಉಪವಾಸವಿದ್ದು ಹೋಗಬೇಕು. ಅರಿವಳಿಕೆಯಲ್ಲಿ, ಯೋನಿಮಾರ್ಗದ ಸ್ಕ್ಯಾನ್ ನೋಡಿಕೊಂಡು ತೆಳು ಸೂಜಿಯಿಂದ ಅಂಡ ಎಳೆಯುತ್ತಾರೆ, 15-20 ನಿಮಿಷದ ಕೆಲಸ. ಹೊಲಿಗೆ ಇಲ್ಲ. ವಾಪಸು ಬೈಕಿನಲ್ಲಿ ಬೇಡ. ಜ್ವರ, ತಡೆಯಲಾರದ ನೋವು, ಪ್ಯಾಡ್ ತುಂಬುವಷ್ಟು ರಕ್ತ ಬಂದರೆ ಕೂಡಲೇ ಮರಳಿ.

ಲ್ಯಾಬಿನಲ್ಲಿ ಸಂಖ್ಯೆ ಕರಗುತ್ತಾ ಹೋಗುತ್ತದೆ, ಇದನ್ನು ಮೊದಲೇ ತಿಳಿದಿದ್ದರೆ ಆಘಾತ ಕಡಿಮೆ. ಹತ್ತು ಅಂಡ ಬಂದರೆ ಎಂಟು ಬಲಿತಿರಬಹುದು, ಐದಾರು ಫಲಿಸಬಹುದು, ಐದನೇ ದಿನದ ಬ್ಲಾಸ್ಟೋಸಿಸ್ಟ್ ಹಂತ ಮುಟ್ಟುವುದು ಎರಡು ಮೂರು. ಇದು ಯಾರ ತಪ್ಪೂ ಅಲ್ಲ. ವೀರ್ಯಾಣು ಚೆನ್ನಾಗಿದ್ದರೆ ಅಂಡದ ಸುತ್ತ ಬಿಟ್ಟು ತಾನಾಗಿ ಸೇರಲು ಬಿಡುತ್ತಾರೆ. ತೀರಾ ಕಡಿಮೆ ಇದ್ದರೆ ಒಂದೇ ವೀರ್ಯಾಣುವನ್ನು ಸೂಜಿಯಿಂದ ಒಳಗಿಡುವ ಇಕ್ಸಿ. ಗಂಡನ ವರದಿ ಸರಿಯಿದ್ದರೂ ಇಕ್ಸಿ ಬರೆದಿದ್ದರೆ ಕಾರಣ ಕೇಳಿ. ಗರ್ಭಕೋಶ ಕೆರೆಯುವುದು, ಕೊಬ್ಬಿನ ದ್ರವದ ಇಂಟ್ರಾಲಿಪಿಡ್ ಡ್ರಿಪ್, ಸ್ವಂತ ರಕ್ತದಿಂದ ತೆಗೆದ ಪಿಆರ್‌ಪಿ ಮುಂತಾದ ಹೆಚ್ಚುವರಿಗಳಿಗೆ ಗಟ್ಟಿ ಆಧಾರವಿಲ್ಲ. ಮೊದಲ ಸಲಕ್ಕೇ ಅವು ಬೇಡ ಎಂದರೆ ನೀವು ಕಳೆದುಕೊಳ್ಳುವುದೇನಿಲ್ಲ.

ಭ್ರೂಣ ಇಟ್ಟ ಮೇಲೆ

ಮೂತ್ರಕೋಶ ತುಂಬಿಸಿಕೊಂಡು ಹೋಗಿ, ಗರ್ಭಕೋಶ ಸ್ಕ್ಯಾನಿನಲ್ಲಿ ಚೆನ್ನಾಗಿ ಕಾಣುತ್ತದೆ. ಅರಿವಳಿಕೆ ಬೇಕಿಲ್ಲ. ಆಮೇಲೆ ಎರಡು ವಾರ ಮಂಚ ಬಿಟ್ಟಿಳಿಯಬಾರದು ಎಂಬುದಕ್ಕೆ ಆಧಾರವಿಲ್ಲ. ಎದ್ದು ಮೂತ್ರಕ್ಕೆ ಹೋದರೆ ಭ್ರೂಣ ಜಾರಿಬೀಳುವುದಿಲ್ಲ. ಮನೆಗೆಲಸ, ಓಡಾಟ ಆಗಬಹುದು, ನೀರಿನ ಕೊಡ ಹೊರುವುದು ಬೇಡ. ಪಪ್ಪಾಯಿ ತಿಂದದ್ದಕ್ಕೇ ಹೋಯಿತು, ಮೆಟ್ಟಿಲು ಹತ್ತಿದ್ದಕ್ಕೇ ಹೋಯಿತು ಎಂದು ಯಾರೂ ಆಕೆಯನ್ನು ಚುಚ್ಚದಂತೆ ನೋಡಿಕೊಳ್ಳುವುದು ಗಂಡನ ಕೆಲಸ.

ತಪ್ಪಿಸಬಾರದ್ದು ಗರ್ಭಕ್ಕೆ ಆಸರೆಯಾಗುವ ಪ್ರೊಜೆಸ್ಟಿರೋನ್ ಔಷಧಿ. ಯೋನಿಯಲ್ಲಿಡುವ ಮಾತ್ರೆಯನ್ನು ದೇವರ ದಿನವೆಂದು ಬಿಡುವವರಿದ್ದಾರೆ, ಬಿಡಬಾರದು. ಪಾಸಿಟಿವ್ ಬಂದ ಮೇಲೂ ವೈದ್ಯರು ಹೇಳುವವರೆಗೆ ಮುಂದುವರಿಸಬೇಕು. ಮೂತ್ರದ ಪಟ್ಟಿಯಲ್ಲಿ ಬೇಗನೆ ನೋಡಬೇಡಿ. ಎಚ್‌ಸಿಜಿ ಟ್ರಿಗರ್ ಪಡೆದಿದ್ದರೆ ಅದರ ಅಂಶವೇ ಹತ್ತು ದಿನ ಸುಳ್ಳು ಗೆರೆ ತೋರಿಸಬಹುದು. ಭ್ರೂಣ ಇಟ್ಟ 12-14 ದಿನಕ್ಕೆ, ಗರ್ಭ ನಿಂತಿದೆಯೇ ಎಂದು ತೋರಿಸುವ ರಕ್ತಪರೀಕ್ಷೆ ಬೀಟಾ ಎಚ್‌ಸಿಜಿ, ಎರಡು ದಿನ ಬಿಟ್ಟು ಮತ್ತೊಮ್ಮೆ. ಅದು ಸುಮಾರು ದುಪ್ಪಟ್ಟಾಗಬೇಕು. ಆರೇಳು ವಾರಕ್ಕೆ ಸ್ಕ್ಯಾನ್ ತಪ್ಪಿಸಬೇಡಿ, ಐವಿಎಫ್‌ನಲ್ಲೂ ಗರ್ಭ ನಾಳದಲ್ಲಿ ಕೂರಬಹುದು. ಒಂದು ಬದಿಯ ತೀವ್ರ ನೋವು, ತಲೆಸುತ್ತು ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ನಿಲ್ಲದಿದ್ದರೆ

ಪ್ರೊಜೆಸ್ಟಿರೋನ್ ನಿಲ್ಲಿಸಿದ ಕೆಲವೇ ದಿನಕ್ಕೆ ಮುಟ್ಟಾಗುತ್ತದೆ. ಆ ವಾರ ಮುಂದಿನ ಸುತ್ತಿನ ಮಾತು ಬೇಡ, ಅಳಲು ಬಿಡಿ. ಆಮೇಲೆ ಅಂಡದ ಸಂಖ್ಯೆ, ಫಲಿಸಿದ್ದು, ಭ್ರೂಣದ ದರ್ಜೆ, ಔಷಧಿಯ ಪ್ರಮಾಣ ಎಲ್ಲ ಇರುವ ಲ್ಯಾಬ್ ವರದಿಯನ್ನು ಕೇಳಿ ಪಡೆಯಿರಿ. ಬೇರೆ ಕಡೆ ಹೋದರೂ ಅದೇ ಆಧಾರ. ದೂರಿದ್ದರೆ ಪ್ರತಿ ಕೇಂದ್ರದಲ್ಲೂ ಇರಬೇಕಾದ ಕುಂದುಕೊರತೆ ಘಟಕಕ್ಕೆ ಲಿಖಿತವಾಗಿ ಕೊಡಿ.

ಎಷ್ಟು ಸುತ್ತು, ಎಷ್ಟು ಹಣ, ಯಾವ ವಯಸ್ಸಿನವರೆಗೆ ಎಂಬುದನ್ನು ಮೊದಲ ಇಂಜೆಕ್ಷನ್‌ಗೂ ಮುಂಚೆಯೇ ಒಂದು ಹಾಳೆಯಲ್ಲಿ ಬರೆದಿಡಿ. ಸೋತ ವಾರದಲ್ಲಿ ತೆಗೆದುಕೊಂಡ ನಿರ್ಧಾರಕ್ಕೇ ಹೊಲ ಅಡವಾಗುವುದು. ದತ್ತು ತೆಗೆದುಕೊಳ್ಳುವ ಮನಸ್ಸು ಸ್ವಲ್ಪವಾದರೂ ಇದ್ದರೆ ಅದಕ್ಕೂ ವಯಸ್ಸಿನ ಲೆಕ್ಕವಿದೆ. ಎರಡು ವರ್ಷದೊಳಗಿನ ಮಗುವಿಗೆ ದಂಪತಿಯ ವಯಸ್ಸು ಕೂಡಿಸಿ 85 ಮೀರಬಾರದು, ಎರಡರಿಂದ ನಾಲ್ಕು ವರ್ಷದ ಮಗುವಿಗೆ 90. ಕಾಯುವ ಸಾಲು ಉದ್ದವಿದೆ. ಐವಿಎಫ್ ನಡೆಯುತ್ತಿರುವಾಗಲೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ, ದತ್ತು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಕಾರಾದ ಜಾಲತಾಣದಲ್ಲಿ ಇಬ್ಬರೂ ಒಪ್ಪಿ ಹೆಸರು ಬರೆಸಿಡಬಹುದು.